ಡಾರ್ಕ್ ಮ್ಯಾಟರ್ ಅಂದ್ರೆ ಸಸ್ಪೆನ್ಸ್ ಅಕೌಂಟಾ?

ಪ್ರಶ್ನೆ: ಸರ್, ನಾನು ಹಾಸನದಲ್ಲಿ ಬ್ಯಾಂಕ್ ನೌಕರ. ಮಗಳು ಎಂ.ಎಸ್ಸಿ. ಭೌತಶಾಸ್ತ್ರ ಕೊನೆಯ ವರ್ಷದಲ್ಲಿದ್ದಾಳೆ. ಡಾರ್ಕ್ ಮ್ಯಾಟರ್ ಮೇಲೆ ಪಿಎಚ್.ಡಿ. ಮಾಡ್ತೀನಿ ಅಂತ ಹಟ ಹಿಡಿದಿದ್ದಾಳೆ. ನಾನು ವಿಜ್ಞಾನ ಓದಿದ್ದು ಪಿಯುಸಿವರೆಗೆ ಅಷ್ಟೇ. ಮಗಳು ಏನು ಮಾಡಹೊರಟಿದ್ದಾಳೆ ಅಂತ ತಿಳಿಯೋಣ ಎಂದು ಯೂಟ್ಯೂಬಿನಲ್ಲಿ ಒಂದಷ್ಟು ನೋಡಿದೆ. ತಲೆ ಇನ್ನೂ ಕೆಟ್ಟಿತು. ಒಬ್ಬರು ವಿಶ್ವದ ಶೇ 95ರಷ್ಟು ಡಾರ್ಕ್ ಮ್ಯಾಟರ್ ಅಂತಾರೆ. ಇನ್ನೊಬ್ಬರು ಅದು ಕಪ್ಪುಕುಳಿ ಅಂತಾರೆ. ಮತ್ತೊಬ್ಬರು ನಮ್ಮ ಹಿರಿಯರು ಹೇಳಿದ ರಾಹು-ಕೇತುವೇ ಅದು ಅಂತಾರೆ. ಕೊನೆಗೆ ಒಬ್ಬರು, 'ಇಷ್ಟು ವರ್ಷ ಹುಡುಕಿದರೂ ಒಂದು ಕಣವೂ ಸಿಕ್ಕಿಲ್ಲ, ಬೆಳಕು ಸಾಗಲು ಬೇಕು ಅಂತ ಊಹಿಸಿ ಆಮೇಲೆ ಕೈಬಿಟ್ಟ ಈಥರ್ ಅನ್ನುವ ವಸ್ತುವಿನ ಹಳೆಯ ಕಥೆಯೇ ಇದೂ' ಅಂದುಬಿಟ್ಟರು. ನಮ್ಮ ಬ್ಯಾಂಕಿನಲ್ಲಿ ಲೆಕ್ಕ ತಾಳೆ ಬೀಳದಿದ್ದರೆ ವ್ಯತ್ಯಾಸದ ಹಣವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕುತ್ತೇವೆ. ಡಾರ್ಕ್ ಮ್ಯಾಟರ್ ಅಂದರೂ ಅಷ್ಟೇ ಅಲ್ವಾ? ಇಲ್ಲದೇ ಇರೋದನ್ನು ಹುಡುಕುತ್ತಾ ಮಗಳು ಐದಾರು ವರ್ಷ ಕಳೆದುಬಿಡುತ್ತಾಳೇನೋ ಅನ್ನೋದೇ ನನ್ನ ಭಯ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಡಾರ್ಕ್ ಮ್ಯಾಟರ್ ನಿಜವಾಗಿ ಇದೆಯೇ ಅನ್ನೋದು ಒಂದು. ಅದನ್ನು ನಂಬಿಕೊಂಡು ಮಗಳು ಮುಂದೆ ಹೋಗಬಹುದೇ ಅನ್ನೋದು ಇನ್ನೊಂದು. ಎರಡಕ್ಕೂ ಉತ್ತರ ಬೇರೆ ಬೇರೆ. ಮೊದಲನೆಯದಕ್ಕೇ ಜಾಸ್ತಿ ಜಾಗ ಬೇಕು.

ಸಸ್ಪೆನ್ಸ್ ಅಕೌಂಟ್ ಅನ್ನುವ ಅನುಮಾನ ನ್ಯಾಯವಾದದ್ದೇ. ನಮ್ಮ ಖಗೋಳ ಕ್ಷೇತ್ರದ ದೊಡ್ಡವರಿಗೂ ಶುರುವಿನಲ್ಲಿ ಇದೇ ಅನುಮಾನ ಇತ್ತು. ಒಂದು ಶಾಖೆಯಲ್ಲಿ ಒಂದು ದಿನ ಲೆಕ್ಕ ತಪ್ಪಿದರೆ, ಕೂಡುವಾಗ ಯಾರೋ ಎಡವಿದ್ದಾರೆ ಅಂತೀರಿ. ಆದರೆ ನಾಲ್ಕು ಜನ ಆಡಿಟರುಗಳು, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಬೇರೆ ಬೇರೆ ಪುಸ್ತಕ ಹಿಡಿದು ಲೆಕ್ಕ ಹಾಕುತ್ತಾರೆ. ಎಲ್ಲರಿಗೂ ಹೆಚ್ಚುಕಡಿಮೆ ಅದೇ ಮೊತ್ತ ಕಡಿಮೆ ಬರುತ್ತದೆ. ಆಗ ಏನಂತೀರಿ? ಹಣ ಹೋಗಿರುವುದು ಖಚಿತ, ಯಾರ ಹತ್ತಿರ ಇದೆ ಅನ್ನೋದು ಮಾತ್ರ ಗೊತ್ತಿಲ್ಲ ಅಂತೀರಿ. ಡಾರ್ಕ್ ಮ್ಯಾಟರ್ ವಿಷಯದಲ್ಲಿ ನಾವು ನಿಂತಿರುವುದು ಅಲ್ಲೇ. ಗೆಲಾಕ್ಸಿಗಳನ್ನು, ಅಂದರೆ ಕೋಟ್ಯಂತರ ನಕ್ಷತ್ರಗಳ ಕೂಟಗಳನ್ನು, ಹಿಡಿದಿಡಲು ಬೇಕಾದಷ್ಟು ತೂಕ ಕಾಣುವ ವಸ್ತುವಿನಲ್ಲಿ ಇಲ್ಲ. ಈ ಕೊರತೆ ಅಳೆದು ನೋಡಿದ ಸಂಗತಿ. ಆ ಕೊರತೆಯನ್ನು ತುಂಬುವ ವಸ್ತು ಯಾವುದು ಅನ್ನೋದು ಇನ್ನೂ ಊಹೆ. ನೀವು ನೋಡಿದ ವಿಡಿಯೊಗಳಲ್ಲಿ ಕೆಲವರು ಊಹೆಯನ್ನೇ ಖಚಿತ ಅಂತ ಹೇಳುತ್ತಾರೆ. ಇನ್ನು ಕೆಲವರು ಊಹೆ ಖಚಿತವಾಗಿಲ್ಲ ಅಂತ ಅಳತೆಯನ್ನೂ ತಳ್ಳಿಹಾಕುತ್ತಾರೆ. ಗೊಂದಲ ಹುಟ್ಟುವುದೇ ಅಲ್ಲಿ.

ಮೊದಲು ಸುಲಭದ ತಪ್ಪುಗಳನ್ನು ಮುಗಿಸಿಬಿಡೋಣ. ಶೇ 95 ಅನ್ನೋದು ಎರಡು ಬೇರೆ ಸಂಗತಿಗಳನ್ನು ಕೂಡಿಸಿ ಹೇಳಿದ ಲೆಕ್ಕ. ಪ್ಲಾಂಕ್ ಉಪಗ್ರಹದ ಅಳತೆಯ ಪ್ರಕಾರ ವಿಶ್ವದಲ್ಲಿ ನಾವು ನೀವು ನಕ್ಷತ್ರ ಎಲ್ಲ ಸೇರಿದ ಸಾಮಾನ್ಯ ವಸ್ತು ಸುಮಾರು ಶೇ 5. ಡಾರ್ಕ್ ಮ್ಯಾಟರ್ ಸುಮಾರು ಶೇ 27. ಉಳಿದ ಶೇ 68 ಡಾರ್ಕ್ ಎನರ್ಜಿ. ಹೆಸರು ಹತ್ತಿರ ಇದ್ದರೂ ಅವು ಅಣ್ಣತಮ್ಮಂದಿರಲ್ಲ. ಡಾರ್ಕ್ ಮ್ಯಾಟರ್ ಎಳೆದು ಗುಂಪುಗೂಡಿಸುತ್ತದೆ, ಡಾರ್ಕ್ ಎನರ್ಜಿ ವಿಶ್ವದ ಹಿಗ್ಗುವಿಕೆಯನ್ನು ಜೋರು ಮಾಡುತ್ತದೆ. ಆಂಟಿಮ್ಯಾಟರ್ ಕೂಡ ಬೇರೆಯೇ. ಅದು ಸಾಮಾನ್ಯ ವಸ್ತುವಿಗೆ ತಾಗಿದರೆ ಎರಡೂ ನಾಶವಾಗಿ ಗಾಮಾ ಕಿರಣ ಹೊಮ್ಮುತ್ತದೆ. ಅಷ್ಟೊಂದು ಆಂಟಿಮ್ಯಾಟರ್ ಇದ್ದಿದ್ದರೆ ಆಕಾಶವೆಲ್ಲ ಗಾಮಾ ಕಿರಣದಿಂದ ಹೊಳೆಯುತ್ತಿತ್ತು. ರಾಹು-ಕೇತುಗಳಂತೂ ವಸ್ತುಗಳೇ ಅಲ್ಲ. ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಎರಡು ಬಿಂದುಗಳು ಅವು. ಗ್ರಹಣ ಆ ಬಿಂದುಗಳ ಹತ್ತಿರವೇ ಆಗುವುದರಿಂದ ನಮ್ಮ ಹಿಂದಿನವರು ಅವನ್ನು ಜೋಪಾನವಾಗಿ ಲೆಕ್ಕ ಇಟ್ಟರು. ಅದು ಒಳ್ಳೆಯ ಖಗೋಳವೇ. ಆದರೆ ಬಿಂದುವಿಗೆ ತೂಕ ಇರುವುದಿಲ್ಲ. ಡಾರ್ಕ್ ಮ್ಯಾಟರಿಗೆ ಇರುವ ಒಂದೇ ಖಚಿತ ಗುಣ ತೂಕ.

ಇದು ಕಪ್ಪಗೂ ಇಲ್ಲ. ಕಪ್ಪು ವಸ್ತು ಬೆಳಕನ್ನು ತಡೆಯುತ್ತದೆ. ಇದರ ಮೂಲಕ ಬೆಳಕು ಏನೂ ಇಲ್ಲವೆಂಬಂತೆ ಹಾದುಹೋಗುತ್ತದೆ. ನಮ್ಮ ಸುತ್ತಲೂ ಇದೆ, ಆದರೆ ತೀರಾ ತೆಳುವಾಗಿ. ಈಗಿನ ಅಂದಾಜಿನಂತೆ ಲೆಕ್ಕ ಹಾಕಿದರೆ ಇಡೀ ಭೂಮಿಯ ಗಾತ್ರದೊಳಗೆ ಯಾವುದೇ ಕ್ಷಣದಲ್ಲಿ ಇರುವುದು ಅರ್ಧ ಕಿಲೋ ಆಸುಪಾಸು ಅಷ್ಟೇ. ಹಾಗಾಗಿ ಇದರಿಂದ ಆರೋಗ್ಯಕ್ಕೆ ತೊಂದರೆ, ಇದರಿಂದ ಶಕ್ತಿ ತೆಗೆಯಬಹುದು ಅನ್ನುವ ಮಾತುಗಳನ್ನು ಕೇಳಿದರೆ ಸುಮ್ನೆ ಮುಂದೆ ಹೋಗಿ.

'ಭೂಮಿಯಲ್ಲಿ ಅರ್ಧ ಕಿಲೋ ಇರುವುದು ಗೆಲಾಕ್ಸಿಯನ್ನು ಹೇಗೆ ಹಿಡಿದಿಡುತ್ತದೆ?' ಅಂತ ನೀವು ಕೇಳಬಹುದು. ಗೆಲಾಕ್ಸಿಯಲ್ಲಿ ಬಹುಪಾಲು ಖಾಲಿ ಜಾಗ. ಸೂರ್ಯನಿಂದ ಅತಿ ಹತ್ತಿರದ ನಕ್ಷತ್ರಕ್ಕೇ 4 ಬೆಳಕಿನ ವರ್ಷಕ್ಕಿಂತ ಜಾಸ್ತಿ ದೂರ. ವಸ್ತು ಅಲ್ಲೊಂದು ಇಲ್ಲೊಂದು ಗಟ್ಟಿಯಾಗಿ ಕೂತಿದೆ. ಡಾರ್ಕ್ ಮ್ಯಾಟರ್ ಆ ಖಾಲಿ ಜಾಗದಲ್ಲೆಲ್ಲ ಹರಡಿದೆ, ನಕ್ಷತ್ರಗಳೇ ಇಲ್ಲದ ಹೊರವಲಯದಲ್ಲೂ ಹರಡಿದೆ. ಅಷ್ಟು ದೊಡ್ಡ ಜಾಗಕ್ಕೆ ಕೂಡಿಸಿದಾಗ ಮೊತ್ತ ದೊಡ್ಡದಾಗುತ್ತದೆ. ಸೌರಮಂಡಲದೊಳಗೆ ಸೂರ್ಯನ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಅದಕ್ಕೇ ಗ್ರಹಗಳ ಚಲನೆಯಲ್ಲಿ ನಮಗೆ ಅದರ ಸುಳಿವೂ ಸಿಗುವುದಿಲ್ಲ.

ಈಗ ಮುಖ್ಯ ವಿಷಯ: ಕೊರತೆ ಇದೆ ಅಂತ ಹೇಗೆ ಗೊತ್ತಾಯಿತು? ನನ್ನ ಕೆಲಸ ಗೆಲಾಕ್ಸಿಗಳ ಹೈಡ್ರೋಜನ್ ಅನಿಲವನ್ನು ರೇಡಿಯೊ ದೂರದರ್ಶಕದಲ್ಲಿ ಅಳೆಯುವುದು. ಹಾಗಾಗಿ ನನಗೆ ಚೆನ್ನಾಗಿ ಗೊತ್ತಿರುವ ದಾರಿಯಲ್ಲೇ ನಿಮ್ಮನ್ನು ಕರೆದೊಯ್ಯುತ್ತೇನೆ.

ಸೂರ್ಯನ ಸುತ್ತ ಬುಧ ಸೆಕೆಂಡಿಗೆ 47 ಕಿ.ಮೀ. ವೇಗದಲ್ಲಿ ಓಡುತ್ತದೆ. ಭೂಮಿ 30 ಕಿ.ಮೀ. ನೆಪ್ಚೂನ್ ಬರೀ 5.4 ಕಿ.ಮೀ. ದೂರ ಹೋದಂತೆ ಸೂರ್ಯನ ಹಿಡಿತ ಸಡಿಲ, ವೇಗವೂ ಕಡಿಮೆ. ಕೆಪ್ಲರನ ಕಾಲದಿಂದ ಗೊತ್ತಿರುವ ನಿಯಮ ಇದು. ಇದನ್ನೇ ತಿರುಗಿಸಿ ಹಿಡಿದರೆ ಒಂದು ತಕ್ಕಡಿ ಸಿಕ್ಕಂತಾಯಿತು. ಸುತ್ತುವ ವಸ್ತುವಿನ ವೇಗ ಮತ್ತು ದೂರ ಗೊತ್ತಾದರೆ, ಅದನ್ನು ಒಳಗಿನಿಂದ ಎಳೆದು ಹಿಡಿದಿರುವ ಒಟ್ಟು ತೂಕ ಎಷ್ಟು ಅಂತ ಹೇಳಬಹುದು. ಸೂರ್ಯನ ತೂಕ ನಮಗೆ ಗೊತ್ತಾಗಿರುವುದೂ ಹೀಗೆಯೇ.

ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ ಎನ್‌ಜಿಸಿ 3198 ಅನ್ನುವ ಸುರುಳಿ ಗೆಲಾಕ್ಸಿ ಇದೆ. ಬರಿಗಣ್ಣಿಗೆ ಕಾಣುವುದಿಲ್ಲ. ತಣ್ಣನೆಯ ಹೈಡ್ರೋಜನ್ 1420.4 ಮೆಗಾಹರ್ಟ್ಸ್‌ನಲ್ಲಿ ರೇಡಿಯೊ ಅಲೆ ಹೊರಸೂಸುತ್ತದೆ. ಅಂದರೆ 21 ಸೆಂಟಿಮೀಟರ್ ಉದ್ದದ ಅಲೆ. ಈ ಗೆಲಾಕ್ಸಿ ಒಟ್ಟಾರೆಯಾಗಿ ನಮ್ಮಿಂದ ಸೆಕೆಂಡಿಗೆ ಸುಮಾರು 660 ಕಿ.ಮೀ. ವೇಗದಲ್ಲಿ ದೂರ ಸರಿಯುತ್ತಿದೆ. ಹಾಗಾಗಿ ಅದರ ಸಂಕೇತ ನಮಗೆ ಸಿಗುವುದು 1417.3 ಮೆಗಾಹರ್ಟ್ಸ್ ಹತ್ತಿರ. ಅದರಲ್ಲೂ ಒಂದು ಅಂಚಿನ ಅನಿಲ ತಿರುಗುತ್ತಾ ನಮ್ಮ ಕಡೆ ಬರುತ್ತಿರುತ್ತದೆ, ಅದರ ಅಲೆ ಸುಮಾರು 0.7 ಮೆಗಾಹರ್ಟ್ಸ್ ಮೇಲಕ್ಕೆ ಸರಿಯುತ್ತದೆ. ಇನ್ನೊಂದು ಅಂಚಿನದು ಅಷ್ಟೇ ಕೆಳಕ್ಕೆ. ಈ 0.7ನ್ನು ವೇಗಕ್ಕೆ ಬದಲಿಸಿದರೆ ಸೆಕೆಂಡಿಗೆ 150 ಕಿ.ಮೀ. ಬರುತ್ತದೆ. ಇದರಲ್ಲಿ ಊಹೆ ಎಲ್ಲೂ ಇಲ್ಲ. ಹೆದ್ದಾರಿಯಲ್ಲಿ ಪೊಲೀಸರು ಕಾರಿನ ವೇಗ ಹಿಡಿಯುವುದೂ ಇದೇ ತತ್ವದ ಮೇಲೆ.

ಈ ಗೆಲಾಕ್ಸಿಯಲ್ಲಿ ನಕ್ಷತ್ರಗಳ ಬೆಳಕು ಮುಗಿದ ಮೇಲೂ ಅನಿಲ ಬಹಳ ದೂರ ಹರಡಿದೆ. ಕೇಂದ್ರದಿಂದ ಸುಮಾರು 1 ಲಕ್ಷ ಬೆಳಕಿನ ವರ್ಷ ದೂರದವರೆಗೂ ಅಳೆಯಬಹುದು. ನಕ್ಷತ್ರ, ಅನಿಲ ಎಲ್ಲ ಕೂಡಿಸಿದ ತೂಕವಷ್ಟೇ ಅಲ್ಲಿದ್ದಿದ್ದರೆ, ಆ ಹೊರ ಅಂಚಿನಲ್ಲಿ ವೇಗ 70 ಕಿ.ಮೀ. ಆಸುಪಾಸಿಗೆ ಇಳಿಯಬೇಕಿತ್ತು. ಇಳಿಯುವುದಿಲ್ಲ. ಒಳಗೆ 150, ಮಧ್ಯೆ 150, ಹೊರ ಅಂಚಿನಲ್ಲೂ 150. ಗ್ರಾಫ್ ಹಾಕಿದರೆ ಗೆರೆ ಟೇಬಲ್ಲಿನ ಹಾಗೆ ಮಟ್ಟಸ. ವೇಗ ಎರಡರಷ್ಟಾದರೆ ಹಿಡಿದಿಡಲು ನಾಲ್ಕರಷ್ಟು ತೂಕ ಬೇಕು. ಆ ದೂರದೊಳಗೆ ಸುಮಾರು 15 ಸಾವಿರ ಕೋಟಿ ಸೂರ್ಯರಷ್ಟು ತೂಕ ಇರಬೇಕು ಅಂತ ಲೆಕ್ಕ ಹೇಳುತ್ತದೆ. ಕಾಣುವುದು ಅದರ ಕಾಲು ಭಾಗವೂ ಇಲ್ಲ. 1985ರಲ್ಲಿ ಈ ಒಂದು ಗೆಲಾಕ್ಸಿಯ ಲೆಕ್ಕ ಪ್ರಕಟವಾದ ಮೇಲೆ ವಾದ ಮಾಡುತ್ತಿದ್ದ ಬಹಳ ಜನ ಸುಮ್ಮನಾದರು.

ಅದಕ್ಕೂ ಮೊದಲೇ ಅಮೆರಿಕದಲ್ಲಿ ವೇರಾ ರುಬಿನ್ ಮತ್ತು ಕೆಂಟ್ ಫೋರ್ಡ್ 1970ರಲ್ಲಿ ಆಂಡ್ರೊಮಿಡಾ ಗೆಲಾಕ್ಸಿಯ ವೇಗ ಅಳೆದಿದ್ದರು. 1980ರಲ್ಲಿ 21 ಗೆಲಾಕ್ಸಿಗಳ ಅಳತೆ ಕೊಟ್ಟರು. ಎಲ್ಲದರಲ್ಲೂ ಇದೇ ಕಥೆ. ನೆದರ್ಲೆಂಡ್ಸ್‌ನ ಆಲ್ಬರ್ಟ್ ಬೋಸ್ಮಾ 1978ರಲ್ಲಿ ರೇಡಿಯೊ ಅಲೆಯಲ್ಲಿ ಇದನ್ನೇ ತೋರಿಸಿದರು. ರುಬಿನ್ ಹೆಸರು ಎಲ್ಲರಿಗೂ ಗೊತ್ತು, ಬೋಸ್ಮಾ ಹೆಸರು ಯಾರೂ ಎತ್ತುವುದಿಲ್ಲ. ರೇಡಿಯೊದವನಾಗಿ ನನಗೆ ಸ್ವಲ್ಪ ಬೇಜಾರೇ. ಇಂಥ ಅಳತೆ ಇವತ್ತು ನಮ್ಮ ದೇಶದಲ್ಲೂ ನಡೆಯುತ್ತದೆ. ಪುಣೆಯ ಆಚೆ ನಾರಾಯಣಗಾಂವ್ ಹತ್ತಿರ ನಮ್ಮ ರೇಡಿಯೊ ದೂರದರ್ಶಕ ಜಿಎಂಆರ್‌ಟಿ ಇದೆ. 45 ಮೀಟರ್ ಅಗಲದ 30 ಡಿಶ್‌ಗಳು.

ಇದು ಒಬ್ಬ ಆಡಿಟರ್ ಆಯಿತು. ಎರಡನೆಯವರು ಇವರಿಗಿಂತ ಹಳಬರು. 1933ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡುತ್ತಿದ್ದ ಸ್ವಿಟ್ಜರ್ಲೆಂಡಿನ ಫ್ರಿಟ್ಜ್ ಜ್ವಿಕಿ, ಕೋಮಾ ಅನ್ನುವ ಗೆಲಾಕ್ಸಿಗಳ ಗುಂಪನ್ನು ನೋಡಿದರು. ಸಾವಿರಕ್ಕೂ ಜಾಸ್ತಿ ಗೆಲಾಕ್ಸಿಗಳ ಗುಂಪು ಅದು. ಒಳಗಿನ ಗೆಲಾಕ್ಸಿಗಳು ಸೆಕೆಂಡಿಗೆ ಸಾವಿರ ಕಿ.ಮೀ. ಲೆಕ್ಕದಲ್ಲಿ ಓಡಾಡುತ್ತಿವೆ. ಕಾಣುವ ತೂಕವಷ್ಟೇ ಇದ್ದರೆ ಆ ಗುಂಪು ಎಂದೋ ಚದುರಿಹೋಗಬೇಕಿತ್ತು. ಜ್ವಿಕಿ 400 ಪಟ್ಟು ತೂಕ ಬೇಕು ಅಂದರು. ಆ ಸಂಖ್ಯೆ ಜಾಸ್ತಿಯಾಯಿತು. ಆ ಕಾಲದಲ್ಲಿ ಗೆಲಾಕ್ಸಿಗಳ ದೂರದ ಲೆಕ್ಕವೇ ಸರಿ ಇರಲಿಲ್ಲ. ಮುಂದೆ ಎಕ್ಸ್-ರೇ ದೂರದರ್ಶಕಗಳು ಬಂದಾಗ ಕಳೆದುಹೋದ ತೂಕದ ಒಂದು ಪಾಲು ನಿಜವಾಗಿಯೂ ಸಿಕ್ಕಿತು. ಗೆಲಾಕ್ಸಿಗಳ ನಡುವೆ ಕೋಟಿಗಟ್ಟಲೆ ಡಿಗ್ರಿ ಬಿಸಿಯ ಅನಿಲ ತುಂಬಿಕೊಂಡಿತ್ತು. ನಕ್ಷತ್ರಗಳೆಲ್ಲ ಸೇರಿದರೆ ಎಷ್ಟೋ ಅದರ ಹಲವು ಪಟ್ಟು ತೂಕದ ಅನಿಲ. ಅಂದರೆ ಸಾಮಾನ್ಯ ವಸ್ತುವೇ ಕಣ್ಣಿಗೆ ಬೀಳದೆ ಉಳಿದಿರಬಹುದು ಅನ್ನುವ ನಿಮ್ಮಂಥವರ ಅನುಮಾನ ಸ್ವಲ್ಪ ಮಟ್ಟಿಗೆ ನಿಜವಾಯಿತು. ಆದರೆ ಅದನ್ನೂ ಸೇರಿಸಿದ ಮೇಲೂ ಇಂಥ ಗುಂಪಿನ ತೂಕದಲ್ಲಿ ಸುಮಾರು ಶೇ 85ರಷ್ಟು ಕಾಣುವುದಿಲ್ಲ.

ಮೂರನೆಯ ಪುಸ್ತಕ ಬೆಳಕಿನದು. ತೂಕ ಇರುವ ಕಡೆ ಬೆಳಕು ಬಾಗುತ್ತದೆ ಅಂತ ಐನ್‌ಸ್ಟೈನ್ ಹೇಳಿದರು, 1919ರ ಗ್ರಹಣದಲ್ಲಿ ಅದು ಸಾಬೀತಾಯಿತು. ಹಿಂದಿನ ಗೆಲಾಕ್ಸಿಗಳ ಚಿತ್ರ ಎಷ್ಟು ಸೊಟ್ಟಗಾಗಿದೆ ಅಂತ ಅಳೆದು, ಮುಂದಿನ ಗುಂಪಿನಲ್ಲಿ ತೂಕ ಎಲ್ಲಿ ಎಷ್ಟಿದೆ ಅಂತ ನಕ್ಷೆ ಬಿಡಿಸಬಹುದು. ಇಲ್ಲಿ ಯಾವುದೂ ಸುತ್ತಬೇಕಾಗಿಲ್ಲ, ಓಡಬೇಕಾಗಿಲ್ಲ. ಬುಲೆಟ್ ಕ್ಲಸ್ಟರ್ ಅನ್ನುವ ಜಾಗದಲ್ಲಿ ಎರಡು ಗುಂಪುಗಳು ಡಿಕ್ಕಿ ಹೊಡೆದು ಒಂದರೊಳಗೊಂದು ಹಾದುಹೋಗಿವೆ. ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನ ಚಂದ್ರ ಎಕ್ಸ್-ರೇ ದೂರದರ್ಶಕ ಅಲ್ಲಿನ ಬಿಸಿ ಅನಿಲವನ್ನು ತೋರಿಸಿತು. ಎರಡು ಕಡೆಯ ಅನಿಲ ಒಂದಕ್ಕೊಂದು ಉಜ್ಜಿ, ತಡೆದು, ನಡುವೆಯೇ ಹಿಂದುಳಿದಿದೆ. ಸಾಮಾನ್ಯ ವಸ್ತುವಿನ ಬಹುಪಾಲು ಆ ಅನಿಲವೇ. ಹಾಗಾದರೆ ತೂಕವೂ ನಡುವೆಯೇ ಇರಬೇಕಲ್ವಾ? 2006ರಲ್ಲಿ ಬಂದ ನಕ್ಷೆಯಲ್ಲಿ ತೂಕ ಇದ್ದದ್ದು ಅನಿಲದ ಹತ್ತಿರ ಅಲ್ಲ. ಯಾವುದಕ್ಕೂ ತಾಗದೆ ಆಚೆ ದಾಟಿಹೋದ ಗೆಲಾಕ್ಸಿಗಳ ಜೊತೆ. ನನ್ನ ಪ್ರಕಾರ ಡಾರ್ಕ್ ಮ್ಯಾಟರ್ ಬಗ್ಗೆ ಇರುವ ಅತ್ಯಂತ ನೇರವಾದ ಚಿತ್ರ ಇದು. ಗುರುತ್ವದ ನಿಯಮವನ್ನು ತಿದ್ದಿದರೆ ಸಾಕು ಅನ್ನುವವರಿಗೆ ಇಲ್ಲೇ ಕಷ್ಟ ಶುರುವಾಗುವುದು.

ನಾಲ್ಕನೆಯದು ವಿಶ್ವ ಎಳೆಯದಾಗಿದ್ದಾಗಿನ ಪುಸ್ತಕ. ಮಹಾಸ್ಫೋಟದ ನಂತರದ ಮೊದಲ ಕೆಲವು ನಿಮಿಷಗಳಲ್ಲಿ ಡ್ಯುಟೀರಿಯಂ ಅನ್ನುವ ಭಾರದ ಹೈಡ್ರೋಜನ್ ಹುಟ್ಟಿತು. ಸಾಮಾನ್ಯ ವಸ್ತು ಜಾಸ್ತಿ ಇದ್ದಷ್ಟೂ ಅದು ಬೇಗ ಹೀಲಿಯಂ ಆಗಿ ಖರ್ಚಾಗುತ್ತದೆ. ಕೊನೆಗೆ ಎಷ್ಟು ಉಳಿದಿದೆ ಅಂತ ನೋಡಿದರೆ ಆಗ ಎಷ್ಟು ಸಾಮಾನ್ಯ ವಸ್ತು ಇತ್ತು ಅಂತ ಹೇಳಬಹುದು. ಹಳೆಯ ಅನಿಲದ ಮೋಡಗಳಲ್ಲಿ 10 ಲಕ್ಷ ಹೈಡ್ರೋಜನ್ ಪರಮಾಣುಗಳಿಗೆ ಸುಮಾರು 25 ಡ್ಯುಟೀರಿಯಂ ಸಿಗುತ್ತವೆ. ಲೆಕ್ಕ ಹಾಕಿದರೆ ಸಾಮಾನ್ಯ ವಸ್ತು ಶೇ 5ರ ಹತ್ತಿರವೇ ಬರುತ್ತದೆ. ಇನ್ನು 3.8 ಲಕ್ಷ ವರ್ಷ ವಯಸ್ಸಿನ ವಿಶ್ವದಿಂದ ಹೊರಟು ಇವತ್ತೂ ನಮ್ಮನ್ನು ತಲುಪುತ್ತಿರುವ ಬೆಳಕಿದೆ. ಅದರಲ್ಲಿ ಲಕ್ಷಕ್ಕೆ ಒಂದು ಪಾಲಿನ ಏರಿಳಿತಗಳಿವೆ. ಆ ಏರಿಳಿತಗಳ ವಿನ್ಯಾಸದಿಂದ ಪ್ಲಾಂಕ್ ಉಪಗ್ರಹ ಸಾಮಾನ್ಯ ವಸ್ತು ಎಷ್ಟು, ಡಾರ್ಕ್ ಮ್ಯಾಟರ್ ಎಷ್ಟು ಅಂತ ಬೇರೆ ಬೇರೆಯಾಗಿ ಅಳೆಯಿತು. ಒಂದಕ್ಕೆ ಐದು ಚಿಲ್ಲರೆ. ನಿಮಿಷಗಳ ವಯಸ್ಸಿನ ವಿಶ್ವದ ಲೆಕ್ಕ, ಲಕ್ಷಗಟ್ಟಲೆ ವರ್ಷ ವಯಸ್ಸಿನ ವಿಶ್ವದ ಲೆಕ್ಕ, ಇವತ್ತಿನ ಗೆಲಾಕ್ಸಿ ಗುಂಪುಗಳ ಲೆಕ್ಕ, ಮೂರೂ ಒಂದಕ್ಕೊಂದು ಹೊಂದುತ್ತವೆ. ಬರೀ ಗೆಲಾಕ್ಸಿಗಳ ವೇಗ ಒಂದೇ ನಮ್ಮ ಕೈಯಲ್ಲಿದ್ದಿದ್ದರೆ ನಾನೂ ನಿಮ್ಮ ಹಾಗೆ ಸಸ್ಪೆನ್ಸ್ ಅಕೌಂಟ್ ಅಂತಲೇ ಅನ್ನುತ್ತಿದ್ದೆ.

ಸರಿ, ಹಾಗಾದರೆ ಅದು ಏನು?

ಮೊದಲ ಊಹೆ ತೀರಾ ಸಹಜವಾದದ್ದು. ಬೆಳಗದ ನಕ್ಷತ್ರಗಳು, ಒಂಟಿ ಗ್ರಹಗಳು, ಕಪ್ಪುಕುಳಿಗಳು. ಇಂಥದ್ದೊಂದು ದೂರದ ನಕ್ಷತ್ರದ ಮುಂದೆ ಹಾದುಹೋದರೆ ಆ ನಕ್ಷತ್ರ ಸ್ವಲ್ಪ ಕಾಲ ಹೆಚ್ಚು ಹೊಳೆದು ಮತ್ತೆ ಮೊದಲಿನಂತಾಗುತ್ತದೆ. 1990ರ ದಶಕದಿಂದ ಆಸ್ಟ್ರೇಲಿಯಾ ಮತ್ತು ಚಿಲಿಯಿಂದ ಪಕ್ಕದ ಮೆಜೆಲನ್ ಗೆಲಾಕ್ಸಿಯ ಲಕ್ಷಾಂತರ ನಕ್ಷತ್ರಗಳನ್ನು ವರ್ಷಗಟ್ಟಲೆ ಕಾದು ನೋಡಿದರು. ಹಾಗೆ ಹೊಳೆದವು ಬೆರಳೆಣಿಕೆಯಷ್ಟು. ಗ್ರಹದಿಂದ ಹಿಡಿದು ನಕ್ಷತ್ರದವರೆಗಿನ ತೂಕದ ಕಪ್ಪು ವಸ್ತುಗಳು ಕೊರತೆಯ ದೊಡ್ಡ ಪಾಲನ್ನು ತುಂಬಲಾರವು ಅಂತ ಖಚಿತವಾಯಿತು. ಮೇಲೆ ಹೇಳಿದ ಡ್ಯುಟೀರಿಯಂ ಲೆಕ್ಕವೂ ಇದನ್ನೇ ಹೇಳುತ್ತದೆ. ನೀವು ಕೇಳಿದ ಕಪ್ಪುಕುಳಿ ವಿಡಿಯೊದಲ್ಲಿ ಒಂದು ಎಳೆ ಮಾತ್ರ ಉಳಿದಿದೆ. ನಕ್ಷತ್ರಗಳು ಹುಟ್ಟುವ ಮೊದಲೇ ಆದ ಪುಟ್ಟ ಕಪ್ಪುಕುಳಿಗಳು, ಕ್ಷುದ್ರಗ್ರಹದಷ್ಟು ತೂಕದವು, ಇರಬಹುದು ಅನ್ನುವುದನ್ನು ಇನ್ನೂ ಪೂರ್ತಿ ತಳ್ಳಿಹಾಕಿಲ್ಲ.

ಎರಡನೆಯದು ನ್ಯೂಟ್ರಿನೊ, ಯಾವುದಕ್ಕೂ ಸುಲಭವಾಗಿ ತಾಗದೆ ಹಾದುಹೋಗುವ ಪುಟ್ಟ ಕಣ. ಇದಕ್ಕೆ ನಮ್ಮವರ ನಂಟಿದೆ. ರಾಮನಾಥ್ ಕೌಶಿಕ್ ಅವರು 1972ರಲ್ಲಿ ಮೆಕ್‌ಕ್ಲೆಲಂಡ್ ಜೊತೆ ಸೇರಿ ನ್ಯೂಟ್ರಿನೊಗಳ ತೂಕ ವಿಶ್ವದ ಮೇಲೆ ಏನು ಪರಿಣಾಮ ಬೀರಬಹುದು ಅಂತ ಲೆಕ್ಕ ಹಾಕಿದರು. ಮುಂದೆ ಅವುಗಳ ಗುರುತ್ವವೇ ಗೆಲಾಕ್ಸಿ ಗುಂಪುಗಳನ್ನು ಹಿಡಿದಿಟ್ಟಿರಬಹುದು ಅಂದರು. ಡಾರ್ಕ್ ಮ್ಯಾಟರ್ ಒಂದು ಕಣ ಆಗಿರಬಹುದು ಅನ್ನುವ ಯೋಚನೆಗೆ ಇದು ಮೊದಮೊದಲ ಹೆಜ್ಜೆ. ಅವರು ಆಮೇಲೆ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ನಿರ್ದೇಶಕರೂ ಆದರು. ಆದರೆ ನ್ಯೂಟ್ರಿನೊ ತೀರಾ ಹಗುರ, ತೀರಾ ವೇಗಿ. ಒಂದು ಕಡೆ ನಿಂತು ಸಣ್ಣ ಗೆಲಾಕ್ಸಿ ಕಟ್ಟುವ ಜಾಯಮಾನ ಅದರದ್ದಲ್ಲ. ಹಾಗಾಗಿ ಮುಖ್ಯ ಪಾತ್ರ ಅದಕ್ಕೆ ಸಿಗಲಿಲ್ಲ.

ಮೂರನೆಯದು ಇನ್ನೂ ಕಾಣದ ಹೊಸ ಕಣ. ಇದರಲ್ಲಿ ಬಹಳ ಕಾಲ ಮುಂದಿದ್ದದ್ದು ವಿಂಪ್, ಅಂದರೆ ಭಾರದ, ತೀರಾ ಅಪರೂಪಕ್ಕೆ ಇನ್ನೊಂದಕ್ಕೆ ತಾಗುವ ಕಣ. ಪ್ರೋಟಾನಿನ ನೂರರಷ್ಟು ಭಾರ ಇದ್ದರೆ, ನಿಮ್ಮ ಮನೆಯ ಲೀಟರ್ ಪಾತ್ರೆಯೊಳಗೆ ಈಗ ಮೂರು ಕಣ ಇರಬೇಕು. ಅವು ಎಲ್ಲವನ್ನೂ ತೂರಿಕೊಂಡು ಹೋಗುತ್ತವೆ. ಎಂದಾದರೂ ಒಂದು ಕಣ ಒಂದು ಪರಮಾಣುವಿಗೆ ಬಡಿದರೆ ಚಿಕ್ಕ ಮಿಂಚು ಕಾಣುತ್ತದೆ. ಅದನ್ನು ಹಿಡಿಯಲು ನೆಲದಾಳಕ್ಕೆ ಇಳಿಯಬೇಕು, ಇಲ್ಲವಾದರೆ ಆಕಾಶದಿಂದ ಸುರಿಯುವ ಕಾಸ್ಮಿಕ್ ಕಿರಣಗಳ ಗದ್ದಲದಲ್ಲಿ ಏನೂ ಗೊತ್ತಾಗುವುದಿಲ್ಲ. ಅಮೆರಿಕದ ಸೌತ್ ಡಕೋಟಾದಲ್ಲಿ ಹಳೆಯ ಚಿನ್ನದ ಗಣಿಯೊಂದರಲ್ಲಿ, ಒಂದೂವರೆ ಕಿ.ಮೀ. ಆಳದಲ್ಲಿ, ಎಲ್‌ಝಡ್ ಅನ್ನುವ ಪ್ರಯೋಗ ನಡೆಯುತ್ತಿದೆ. 10 ಟನ್ ದ್ರವ ಝೆನಾನ್ ಇಟ್ಟುಕೊಂಡು ಕಾಯುತ್ತಿದ್ದಾರೆ. 2024ರಲ್ಲಿ 280 ದಿನಗಳ ಫಲಿತಾಂಶ ಕೊಟ್ಟರು. ವಿಂಪ್ ಸಿಕ್ಕಿಲ್ಲ. ನಮ್ಮಲ್ಲೂ ಜಾರ್ಖಂಡಿನ ಜಾದೂಗುಡ ಯುರೇನಿಯಂ ಗಣಿಯಲ್ಲಿ 555 ಮೀಟರ್ ಆಳದಲ್ಲಿ ಇಂಥ ಪ್ರಯೋಗಾಲಯ ಇದೆ.

ಗಣಿಗೆ ಇಳಿದು ಕಣ ಹಿಡಿಯುವ ಕೆಲಸ ಕನ್ನಡನಾಡಿಗೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿ.ಮೀ.ಗೂ ಜಾಸ್ತಿ ಆಳದಲ್ಲಿ, 1965ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಪತ್ತೆ ಹಚ್ಚಿದರು. ಆ ತಂಡದಲ್ಲಿ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಇದ್ದರು. ಇನ್ನು, ಸಿಕ್ಕಿಲ್ಲ ಅಂದರೆ ಇಲ್ಲ ಅಂತಲೂ ಅಲ್ಲ. ನ್ಯೂಟ್ರಿನೊ ಇರಬೇಕು ಅಂತ ಭೌತವಿಜ್ಞಾನಿ ಪೌಲಿ ಹೇಳಿದ್ದು 1930ರಲ್ಲಿ, ಸಿಕ್ಕಿದ್ದು 1956ರಲ್ಲಿ. ಆದರೆ ಇದನ್ನೇ ಎಲ್ಲದಕ್ಕೂ ಸಮಾಧಾನ ಮಾಡಿಕೊಳ್ಳಬಾರದು. ವಿಂಪ್ ಬಗ್ಗೆ 20 ವರ್ಷದ ಹಿಂದೆ ಇದ್ದ ಭರವಸೆ ಇವತ್ತು ಇಲ್ಲ. ಈಗ ಬಹಳ ಜನ ಆಕ್ಸಿಯಾನ್ ಅನ್ನುವ ತೀರಾ ಹಗುರ ಕಣದ ಕಡೆ ತಿರುಗಿದ್ದಾರೆ. ಅದೂ ಸಿಕ್ಕಿಲ್ಲ.

ನಾಲ್ಕನೆಯದು, ವಸ್ತುವೇ ಇಲ್ಲ, ಗುರುತ್ವದ ನಿಯಮವೇ ದೂರದಲ್ಲಿ ಬೇರೆ ಅನ್ನುವ ವಾದ. ಈಥರ್ ಅಂದವರು ಹೇಳುತ್ತಿರುವುದು ಬಹುಶಃ ಇದನ್ನೇ. 1983ರಲ್ಲಿ ಇಸ್ರೇಲಿನ ಮೊರ್ಡೆಹೈ ಮಿಲ್ಗ್ರೋಮ್ ಇದನ್ನು ಮುಂದಿಟ್ಟರು. ಇದು ಹುಚ್ಚು ಮಾತಲ್ಲ. ಎನ್‌ಜಿಸಿ 3198ರಂಥ ಗೆಲಾಕ್ಸಿಗಳ ವೇಗವನ್ನು ಅವರ ಸೂತ್ರ ಅಚ್ಚುಕಟ್ಟಾಗಿ ವಿವರಿಸುತ್ತದೆ. ಎಷ್ಟು ಅಚ್ಚುಕಟ್ಟು ಅಂದರೆ ನಮಗೇ ಒಮ್ಮೊಮ್ಮೆ ಕಸಿವಿಸಿ ಆಗುತ್ತದೆ. ಆದರೆ ಗೆಲಾಕ್ಸಿ ಗುಂಪುಗಳಿಗೆ ಬಂದಾಗ ಅದಕ್ಕೂ ಮತ್ತೆ ಕಾಣದ ವಸ್ತು ಬೇಕಾಗುತ್ತದೆ. 2017ರಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದಾಗ ಗುರುತ್ವದ ಅಲೆಯೂ ಗಾಮಾ ಕಿರಣವೂ 2 ಸೆಕೆಂಡಿನೊಳಗೆ ಒಂದರ ಹಿಂದೆ ಒಂದು ನಮ್ಮನ್ನು ತಲುಪಿದವು. ಸುಮಾರು 13 ಕೋಟಿ ಬೆಳಕಿನ ವರ್ಷದ ಪ್ರಯಾಣ ಅದು. ಅಂದರೆ ಎರಡರ ವೇಗವೂ ಒಂದೇ. ಎರಡಕ್ಕೂ ಬೇರೆ ಬೇರೆ ವೇಗ ಹೇಳುತ್ತಿದ್ದ, ಗುರುತ್ವವನ್ನು ತಿದ್ದುವ ಹಲವು ಸಿದ್ಧಾಂತಗಳು ಆ ಒಂದು ದಿನ ನೆಲ ಕಚ್ಚಿದವು. ಎಲ್ಲವೂ ಅಲ್ಲ.

ಈ ಜಗಳಕ್ಕೆ ಹಳೆಯ ಉದಾಹರಣೆ ಎರಡೂ ಕಡೆ ಇದೆ. ಯುರೇನಸ್ ಲೆಕ್ಕದಂತೆ ನಡೆಯುತ್ತಿಲ್ಲ ಅಂತ ಕಂಡಾಗ ಫ್ರಾನ್ಸಿನ ಲವೆರಿಯೆ, ಆಚೆ ಕಾಣದ ಗ್ರಹ ಇದೆ ಅಂದರು. 1846ರಲ್ಲಿ ಬರ್ಲಿನ್ನಿನಲ್ಲಿ ದೂರದರ್ಶಕ ತಿರುಗಿಸಿ ನೋಡಿದಾಗ ನೆಪ್ಚೂನ್ ಸಿಕ್ಕಿತು. ಬುಧನ ಲೆಕ್ಕವೂ ತಪ್ಪುತ್ತಿತ್ತು. ಅದೇ ಲವೆರಿಯೆ ಸೂರ್ಯನ ಹತ್ತಿರ ವಲ್ಕನ್ ಅನ್ನುವ ಗ್ರಹ ಇರಬೇಕು ಅಂದರು. ದಶಕಗಟ್ಟಲೆ ಹುಡುಕಿದರು, ಸಿಗಲಿಲ್ಲ. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ಬದಲಿಸಿ ಅದನ್ನು ಬಗೆಹರಿಸಿದರು. ಒಬ್ಬನೇ ಮನುಷ್ಯ, ಒಂದೇ ಬಗೆಯ ತರ್ಕ, ಒಂದು ಸಲ ಗೆದ್ದರು, ಒಂದು ಸಲ ಸೋತರು. ಡಾರ್ಕ್ ಮ್ಯಾಟರ್ ನೆಪ್ಚೂನಾ, ವಲ್ಕನ್ನಾ ಅಂತ ಕೇಳಿದರೆ ನಾನು ನೆಪ್ಚೂನ್ ಅಂತೀನಿ. ಬುಲೆಟ್ ಕ್ಲಸ್ಟರ್ ಮತ್ತು ಹಳೆಯ ಬೆಳಕಿನ ಅಳತೆ ನನ್ನನ್ನು ಆ ಕಡೆ ತಳ್ಳುತ್ತವೆ. ಆದರೆ ಒಂದು ಮಾತು ಗಮನಿಸಿ. ವಲ್ಕನ್ ಸುಳ್ಳಾಯಿತು, ಬುಧನ ಅಳತೆ ಸುಳ್ಳಾಗಲಿಲ್ಲ. ಐನ್‌ಸ್ಟೈನ್ ತಮ್ಮ ಸಿದ್ಧಾಂತವನ್ನು ಪರೀಕ್ಷಿಸಿದ್ದು ಆ ಅಳತೆಯ ಮೇಲೆಯೇ.

ಇದೇ ನಿಮ್ಮ ಎರಡನೆಯ ಪ್ರಶ್ನೆಗೂ ದಾರಿ. ಮಗಳು 'ಡಾರ್ಕ್ ಮ್ಯಾಟರ್ ಮೇಲೆ' ಅಂದರೆ ಸಾಲದು. ಅದರಲ್ಲಿ ಯಾವ ಕೆಲಸ ಅಂತ ಕೇಳಿ. ಆಕಾಶ ನೋಡಿ ಅಳೆಯುವ ಕೆಲಸಕ್ಕೆ, ಅಂದರೆ ಹೈಡ್ರೋಜನ್ ಅಳತೆ, ಬೆಳಕಿನ ಬಾಗುವಿಕೆ ಇಂಥವಕ್ಕೆ, ಅಪಾಯ ಕಡಿಮೆ. ಕಣ ಸಿಕ್ಕರೂ ಸಿಗದಿದ್ದರೂ ಅಳತೆ ಉಳಿಯುತ್ತದೆ. 2023ರಲ್ಲಿ ಹಾರಿದ ಯೂಕ್ಲಿಡ್ ಉಪಗ್ರಹ, 2025ರಲ್ಲಿ ಮೊದಲ ಚಿತ್ರ ಕೊಟ್ಟ ಚಿಲಿಯ ವೇರಾ ರುಬಿನ್ ವೀಕ್ಷಣಾಲಯ, ಎರಡರಿಂದಲೂ ಮುಂದಿನ ಹಲವು ವರ್ಷ ಮಾಹಿತಿ ರಾಶಿ ಬೀಳಲಿದೆ, ಕೆಲಸ ಮಾಡುವ ಕೈಗಳು ಬೇಕು. ನೆಲದಾಳದ ಪ್ರಯೋಗದಲ್ಲಿ 'ಏನೂ ಸಿಗಲಿಲ್ಲ' ಅನ್ನುವುದೇ ಫಲಿತಾಂಶ ಆಗುವ ಸಾಧ್ಯತೆ ಜಾಸ್ತಿ. ಆದರೆ ಅದರ ಮೇಲೂ ಪಿಎಚ್.ಡಿ. ಸಿಗುತ್ತದೆ, ಡಿಟೆಕ್ಟರ್ ಕಟ್ಟುವ ಕೈಗುಣ ಬೇರೆ ಕಡೆಯೂ ನಡೆಯುತ್ತದೆ. ಯಾವುದೋ ಒಂದೇ ಹೊಸ ಕಣದ ಮೇಲೆ ಸಿದ್ಧಾಂತ ಕಟ್ಟುವುದರಲ್ಲಿ ಮಾತ್ರ ಅಪಾಯ ದೊಡ್ಡದು. ಐದು ವರ್ಷದಲ್ಲಿ ಆ ಕಣದ ಫ್ಯಾಷನ್ನೇ ಹೋಗಿಬಿಡಬಹುದು. ಬುದ್ಧಿವಂತ ಹುಡುಗರು ಅಲ್ಲಿ ಸಿಕ್ಕಿಕೊಂಡಿದ್ದನ್ನು ನೋಡಿದ್ದೇನೆ.

ನೀವು ಭಯಪಡುವುದೇ ಆದರೆ ಇನ್ನೊಂದರ ಬಗ್ಗೆ ಪಡಬೇಕು. ಪಿಎಚ್.ಡಿ.ಗೆ ಐದಾರು ವರ್ಷ. ಫೆಲೊಶಿಪ್ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಆದರೆ ಅದು ಮುಗಿದ ಮೇಲೆ ಹೊರದೇಶದಲ್ಲಿ ಎರಡು-ಮೂರು ತಾತ್ಕಾಲಿಕ ಹುದ್ದೆ, ನಂತರ ಇಲ್ಲಿ ಕಾಯಂ ಕೆಲಸಕ್ಕೆ ದೊಡ್ಡ ಸಾಲು. ಖಗೋಳದ ಎಲ್ಲ ವಿಷಯಗಳಿಗೂ ಇದೇ ಗತಿ, ಡಾರ್ಕ್ ಮ್ಯಾಟರಿಗೆ ಅಂತ ಬೇರೆ ಇಲ್ಲ. ಅರ್ಧದಷ್ಟು ಜನ ಕೊನೆಗೆ ಡೇಟಾ ಸೈನ್ಸ್, ಸಾಫ್ಟ್‌ವೇರ್ ಅಂತ ಹೋದರೂ ನನಗೆ ಆಶ್ಚರ್ಯ ಇಲ್ಲ. ಅದನ್ನು ಸೋಲು ಅಂತ ಮನೆಯವರು ಅನ್ನದಿದ್ದರೆ ಸಾಕು.

ಸದ್ಯಕ್ಕೆ ಅವಳು ಪಿಎಚ್.ಡಿ. ಸೇರಲು ಬರೆಯುವ ಜೆಸ್ಟ್ ಮತ್ತು ನೆಟ್ ಪರೀಕ್ಷೆಗೆ ಓದಿಕೊಳ್ಳಲಿ. ಬೆಂಗಳೂರಿನ ಐಐಎಸ್‌ಸಿಯ ಜಾಯಿಂಟ್ ಆಸ್ಟ್ರಾನಮಿ ಪ್ರೋಗ್ರಾಂ, ರಾಮನ್ ಸಂಶೋಧನಾ ಸಂಸ್ಥೆ, ಪುಣೆಯ ಖಗೋಳ ಸಂಸ್ಥೆಗಳಾದ ಐಯುಕಾ ಮತ್ತು ಎನ್‌ಸಿಆರ್‌ಎ, ಇವುಗಳ ಅರ್ಜಿ ಯಾವಾಗ ಕರೆಯುತ್ತಾರೆ ಅಂತ ಅವರವರ ಜಾಲತಾಣದಲ್ಲೇ ನೋಡುತ್ತಿರಲಿ. ಸಾಧ್ಯವಾದರೆ ಸೇರುವ ಮೊದಲು ಒಂದು ಬೇಸಿಗೆ ಪ್ರಾಜೆಕ್ಟ್ ಮಾಡಲಿ. ಎರಡು ತಿಂಗಳು ಇಡೀ ದಿನ ಕಂಪ್ಯೂಟರಿನ ಮುಂದೆ ಕೂತು ಒಂದೇ ಗೆಲಾಕ್ಸಿಯ ಮಾಹಿತಿಯಲ್ಲಿ ಮೊಬೈಲ್ ಟವರಿನ ಗದ್ದಲ ಬಿಡಿಸುವುದು ಇಷ್ಟವಾಗುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಮಾರ್ಗದರ್ಶಕರನ್ನು ಭೇಟಿಯಾದಾಗ ಒಂದು ಪ್ರಶ್ನೆ ತಪ್ಪದೆ ಕೇಳಲಿ: 'ನಾವು ಹುಡುಕುವುದು ಸಿಗದೇ ಹೋದರೆ ನನ್ನ ಪ್ರಬಂಧದಲ್ಲಿ ಏನಿರುತ್ತದೆ?' ತಡವರಿಸದೆ ಉತ್ತರ ಕೊಡುವವರ ಹತ್ತಿರ ಸೇರಲಿ.